ಬುಧವಾರದ ಕೋಣೆ

ನಂತೂರು, ಮಂಗಳೂರು
೨೮-೬-೨೦೨೪

ಪ್ರೀತಿಯ ಸುಹರಾ,

ನಿನ್ನೆ ಮಧ್ಯಾಹ್ನ ಊಟ ಮುಗಿಸಿ ಒಂದು ಗಳಿಗೆ ಅಡ್ಡಾದೆ ನೋಡು, ಅಷ್ಟರಲ್ಲಿ ಕೆಟ್ಟ ಕನಸು. ನಿಮ್ಮ ಬೆಂಗ್ರೆಯ ಮರಳಿನ ಮೇಲೆ ಮೀನು ಒಣಗಲು ಹರಡಿದ್ದಾರೆ, ಅದರ ನಡುವೆ ಇವರು ಮಲಗಿದ್ದಾರೆ, ಮಿಲಿಟರಿ ಡ್ರೆಸ್ಸಿನಲ್ಲಿ, ಬೂಟು ಸಮೇತ. ಜನ ಅವರನ್ನು ದಾಟಿಕೊಂಡು ಹೋಗುತ್ತಿದ್ದಾರೆ. ನಾನು ಕೂಗುತ್ತೇನೆ, ಬಾಯೊಳಗೆ ಹತ್ತಿ ತುಂಬಿದ ಹಾಗೆ, ಶಬ್ದವೇ ಹೊರಡುವುದಿಲ್ಲ. ನೀನು ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ಮೀನು ಮಗುಚಿ ಹಾಕುತ್ತಿದ್ದೆ. ತಲೆ ಎತ್ತಿ ಸಹ ನೋಡಲಿಲ್ಲ ನೀನು. ಎಚ್ಚರ ಆದ ಮೇಲೆ ನಿನ್ನ ಮೇಲೆ ಸಿಟ್ಟು ಬಂತು, ಆಮೇಲೆ ನಗು ಬಂತು, ಕನಸಿನ ತಪ್ಪಿಗೆ ನಿನ್ನನ್ನು ಬೈಯುವುದು ಎಂತ ಅಂತ. ಆದರೂ ಎದ್ದು ಹೋಗಿ ಅವರ ಮೂಗಿನ ಹತ್ತಿರ ಕೈ ಹಿಡಿದು ನೋಡಿದೆ. ಉಸಿರು ಇತ್ತು. ಅವರು ಕಣ್ಣು ಬಿಟ್ಟು, "ಎಂತ ಆನಿ, ರೋಲ್ ಕಾಲಾ?" ಅಂದರು.

ಬಕ್ರೀದಿನ ಬಿರಿಯಾನಿ ಬಂತು ಅಂತ ಬರೆಯುವುದಕ್ಕೆ ಇಷ್ಟು ತಡ ಮಾಡಿದೆ, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ. ಫೋನ್ ಮಾಡಿದರೆ ನಿನಗೆ ಕೇಳುವುದಿಲ್ಲ. ಕಿವಿಗೆ ಮೆಷಿನ್ ಹಾಕಿಕೊಂಡರೂ ನಾನು ಕೂಗಬೇಕು, ಇದು ಕೂಗಿ ಹೇಳುವ ವಿಷಯ ಅಲ್ಲ. ವಾಟ್ಸಪ್ ಮಾಡುವ ಅಂದರೆ ನಿನ್ನ ಫೋನ್ ಸೊಸೆಯ ಕೈಯಲ್ಲಿ, ನನ್ನದು ಇವರ ಕಿಸೆಯಲ್ಲಿ. ಹಾಗಾಗಿ ಏಳನೇ ಕ್ಲಾಸಿನಲ್ಲಿ ಕೈಬಿಟ್ಟ ಅಕ್ಷರವನ್ನು ಮತ್ತೆ ಹಿಡಿದುಕೊಂಡಿದ್ದೇನೆ. ಅಮ್ಮನಿಗೆ ಕಾಯಿಲೆ ಅಂತ ನನ್ನನ್ನು ಶಾಲೆ ಬಿಡಿಸಿದ ದಿನ ನಿನ್ನ ಕನ್ನಡ ಪುಸ್ತಕವನ್ನು ನನಗೆ ಕೊಟ್ಟು ನೀನು ಟೀಚರ ಹತ್ತಿರ ಪೆಟ್ಟು ತಿಂದದ್ದು ನೆನಪು ಉಂಟಲ್ಲ. ಆ ಪೆಟ್ಟಿಗಾದರೂ ನಾನು ಬರೆಯಬೇಕು. ನಿಮ್ಮ ಕಡೆಯಿಂದ ಫೆರಿ ದಾಟಿ ಬಂದು ನಮ್ಮ ಓಣಿಯಲ್ಲಿ ಮೀನು ಮಾರುವ ದೇಯಿ ಇದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬುಟ್ಟಿಯೊಳಗೆ ಇಟ್ಟು ತರುತ್ತಾಳೆ. ವಾಸನೆ ಬಂದರೆ ನನ್ನನ್ನು ಬೈಯಬೇಡ.

ಇವರ ಬೆನ್ನಿನ ಸುದ್ದಿ ನಿನಗೆ ಗೊತ್ತಿದ್ದದ್ದೇ. ಮಿಲಿಟರಿಯಲ್ಲಿ ಲಾರಿ ಓಡಿಸುತ್ತಿದ್ದಾಗ ಬೆಟ್ಟದ ರಸ್ತೆಯಲ್ಲಿ ಗಾಡಿ ಉರುಳಿತು, ಬೆನ್ನಿಗೆ ಸ್ಕ್ರೂ ಹಾಕಿದರು, ಹವಾಲ್ದಾರ್ ಕಜೆಟನ್ ಅಂತ ಹೆಸರಿಗೆ ಒಂದು ಪೆನ್ಶನ್ ಸೇರಿಸಿ ಮನೆಗೆ ಕಳಿಸಿದರು. ಅಷ್ಟೇ ಅವರು ನನಗೆ ಹೇಳಿದ್ದು. ಹೆಚ್ಚು ಕೇಳಿದರೆ, "ರಸ್ತೆ ಸರಿ ಇರಲಿಲ್ಲ" ಅನ್ನುತ್ತಾರೆ. ಈಗ ನಮ್ಮ ಮನೆ ಇರುವುದು ನಂತೂರಿನಲ್ಲಿ, ಹಗಲೂ ರಾತ್ರಿ ಲಾರಿ. ಸರ್ಕಲಿನಲ್ಲಿ ಯಾವುದಾದರೂ ದೊಡ್ಡ ಗಾಡಿ ಬ್ರೇಕ್ ಹಾಕಿದರೆ ಕುರ್ಚಿಯಲ್ಲಿ ಕೂತ ಇವರ ಬಲಗಾಲು ತಾನಾಗಿ ನೆಲವನ್ನು ಒತ್ತುತ್ತದೆ. ಆಮೇಲೆ ಸೊಂಟ ಹಿಡಿದುಕೊಂಡು ಮುಖ ಕಿವುಚುತ್ತಾರೆ. ನೋಡಿಕೊಂಡು ನಾನು ಎಂತ ಮಾಡಲಿ ಹೇಳು.

ನೋವಿಗೆ ಮಾತ್ರೆ ಉಂಟು. ಡಾಕ್ಟರು ಬರೆದುಕೊಟ್ಟದ್ದಕ್ಕಿಂತ ಇವರು ನುಂಗುವುದು ಹೆಚ್ಚು. ಸಂಜೆಗೆ ಮಿಲಿಟರಿ ಕ್ಯಾಂಟೀನಿನ ರಮ್. ಮೊದಲು ಊಟಕ್ಕೆ ಮುಂಚೆ ಒಂದು ಪೆಗ್ ಅಷ್ಟೇ ಇತ್ತು, ಈಗ ದೀಪ ಹೊತ್ತಿಸುವ ಮೊದಲೇ ಗ್ಲಾಸು ಬರುತ್ತದೆ. ಗಲಾಟೆ ಇಲ್ಲ, ಬೈಗುಳ ಇಲ್ಲ, ಕೈ ಎತ್ತಿದವರಲ್ಲ. ಗಲಾಟೆ ಮಾಡಿದ್ದರೆ ಒಂದು ಕಡೆಯಿಂದ ಒಳ್ಳೆಯದಿತ್ತು, ನಾಲ್ಕು ಜನ ಬಂದು ಬುದ್ಧಿ ಹೇಳುತ್ತಿದ್ದರು. ಸುಮ್ಮನೆ ಕೂತು ಕುಡಿಯುವವರಿಗೆ ಯಾರು ಎಂತ ಹೇಳುವುದು? ಇವರ ಅಕ್ಕ ಕ್ಯಾರಲ್ ಹತ್ತಿರ ಬಾಯಿ ಬಿಟ್ಟೆ. ಅವಳು ಹೇಳಿದಳು, "ನಮ್ಮ ತಮ್ಮ ಕುಡುಕ ಅಲ್ಲ ಆನಿ, ಮಿಲಿಟರಿಯವನು. ನೀನು ಸುಮ್ಮನೆ ಊರಿಗೆಲ್ಲ ಸಾರಬೇಡ. ಮತ್ತೆ, ನವೆಂಬರಿನಲ್ಲಿ ಮಗಳ ಮದುವೆ ಉಂಟಲ್ಲ, ಮುನ್ನಾದಿನದ ರೋಸಿನ ಶಾಸ್ತ್ರಕ್ಕೆ ಕ್ಯಾಂಟೀನಿಂದು ಸ್ವಲ್ಪ ಎತ್ತಿಡಲಿಕ್ಕೆ ಹೇಳು." ಒಂದೇ ಉಸಿರಿನಲ್ಲಿ ಎರಡೂ ಮಾತು!

ಹೀಗಿರುವಾಗ ನಿನ್ನ ಮಗಳು ರಾಹಿಲಾ ಬಿರಿಯಾನಿ ಹಿಡಿದುಕೊಂಡು ಬಂದದ್ದು. ಅವಳು ಕಂಕನಾಡಿಯಲ್ಲಿ ಮಾಜಿ ಸೈನಿಕರಿಗೆ ಕೌನ್ಸೆಲಿಂಗ್ ಮಾಡುವ ಕೆಲಸಕ್ಕೆ ಸೇರಿದ್ದು ಗೊತ್ತಿತ್ತು, ಆದರೆ ನಮ್ಮಲ್ಲಿಗೆ ಆ ಮಾತು ತರುತ್ತಾಳೆ ಅಂತ ನಾನು ಗ್ರಹಿಸಿರಲಿಲ್ಲ. ಪಾತ್ರೆ ನನ್ನ ಕೈಗೆ ಕೊಟ್ಟು ಸೀದಾ ಅವರ ಎದುರು ಕೂತಳು.

"ಅಂಕಲ್, ಬೆನ್ನು ಹೇಗುಂಟು?"

"ಬೆನ್ನು ಬೆನ್ನಿನ ಜಾಗದಲ್ಲೇ ಉಂಟು ಮಗಳೇ."

"ಮತ್ತೆ ನೀವು?"

ಇವರು ನನ್ನ ಕಡೆ ಕಣ್ಣು ಮಾಡಿ, "ನಾನು ಕುಡುಕ ಅಂತ ನಿನಗೆ ಹೇಳಿದ್ದು ಇವಳಾ?" ಅಂದರು.

"ಯಾರೂ ಹೇಳ್ಲಿಲ್ಲ ಅಂಕಲ್. ನೀವು ಡ್ರೈವರ್ ಅಲ್ವಾ. ಎಂಜಿನ್ ಶಬ್ದ ಸ್ವಲ್ಪ ಬದಲಾದಾಗಲೇ ಗಾಡಿಯನ್ನು ಗ್ಯಾರೇಜಿಗೆ ತರ್ತಿದ್ರಾ, ರಸ್ತೆ ಮಧ್ಯೆ ನಿಂತ ಮೇಲೆ ತರ್ತಿದ್ರಾ? ನಮ್ಮಲ್ಲಿಗೆ ಹೆಚ್ಚಿನವರನ್ನು ಇಬ್ಬರು ಹಿಡ್ಕೊಂಡು ತರ್ತಾರೆ. ನೀವು ಈಗ ನಡ್ಕೊಂಡೇ ಬರಬಹುದು. ಈಗ ಬಂದ್ರೆ ನನ್ನ ಕೆಲಸ ಸುಲಭ."

"ನಿನ್ನ ಕೆಲಸ ಸುಲಭ ಮಾಡ್ಲಿಕ್ಕೆ ನಾನು ಬರಬೇಕಾ?"

"ದೇಶಸೇವೆ ಮಾಡಿದವರು, ನನ್ನದೂ ಸ್ವಲ್ಪ ಸೇವೆ ಮಾಡಿ ಮಾರಾಯ್ರೆ."

ಅವರು ನಕ್ಕರು ಸುಹರಾ! ಹೊಟ್ಟೆಯಿಂದ ನಕ್ಕರು. ನಾನು ಅಡುಗೆಮನೆಗೆ ಹೋಗಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡೆ. ಹೊರಡುವಾಗ ರಾಹಿಲಾ ನನ್ನ ಹತ್ತಿರ ಮೆಲ್ಲ ಹೇಳಿದಳು, ಆ ಮಾತ್ರೆ ಮತ್ತು ರಮ್ ಎರಡೂ ಒಟ್ಟಿಗೆ ಹೋದರೆ ಉಸಿರು ನಿಧಾನ ಆಗಬಹುದು, ಆದರೆ ನೀವಾಗಿ ಮಾತ್ರೆ ಅಡಗಿಸಿಡಬೇಡಿ, ಡಾಕ್ಟರು ನೋಡಿಕೊಂಡು ಕಡಿಮೆ ಮಾಡಬೇಕು ಅಂತ. ಆ ಮಾತು ಕೇಳಿದ ಮೇಲೆ ನನಗೆ ಅವರ ಮೂಗಿನ ಹತ್ತಿರ ಕೈ ಹಿಡಿಯದೆ ಸಮಾಧಾನವಿಲ್ಲ. ಕನಸು ಬಿದ್ದದ್ದೂ ಅದರಿಂದಲೇ ಇರಬೇಕು.

ಬರುವ ಬುಧವಾರದಿಂದ ಹೋಗುತ್ತಾರಂತೆ. ಅಂದಿದ್ದಾರೆ. ಹೋಗುವವರೆಗೆ ನನಗೆ ನಂಬಿಕೆ ಇಲ್ಲ. ನೀನು ನಮಾಜಿನಲ್ಲಿ ಒಂದು ಮಾತು ಸೇರಿಸು, ನಾನು ಸಂಜೆ ಜಪಸರ ಹಿಡಿದು ತೇರ್ಸಿನಲ್ಲಿ ಸೇರಿಸುತ್ತೇನೆ.

ನಿನ್ನ ಗೆಳತಿ
ಆನಿ

&nbsp;

ನಂತೂರು
೨-೮-೨೦೨೪

ಪ್ರೀತಿಯ ಸುಹರಾ,

ನೀನು ಕಳಿಸಿದ ಕಾಗದ ಸಿಕ್ಕಿತು, ನಿನ್ನ ಕಾಲುನೋವು ಕಡಿಮೆ ಆಯಿತು ಅಂತ ಓದಿ ಖುಷಿ ಆಯಿತು. ತಿರುಗಿ ಬರೆಯಲಿಕ್ಕೆ ತಡ ಆದದ್ದು ಮಳೆಗೆ. ಹಂಚಿನ ಸಂದಿಯಲ್ಲಿ ನೀರು ಇಳಿದು ಅಕ್ಕಿ ಡಬ್ಬದ ಮೇಲೆಯೇ ಬೀಳುತ್ತಿತ್ತು, ಇವರು ಹತ್ತುತ್ತೇನೆ ಅಂತ ಹಠ, ನಾನು ಬೇಡ ಅಂತ ಅಳು. ಕೊನೆಗೆ ಪಕ್ಕದ ಮನೆಯ ಅಯ್ಯೂಬ್ ಹತ್ತಿ ಸರಿ ಮಾಡಿದ. ಇವರು ಕೆಳಗೆ ನಿಂತು, ಬಲಕ್ಕೆ, ಎಡಕ್ಕೆ, ನಿಲ್ಲು ಅಂತ ಕಮಾಂಡ್ ಕೊಟ್ಟರು. ಅಯ್ಯೂಬ್ ಮೇಲಿನಿಂದ, "ಸಾಹೇಬ್ರೆ, ಹಂಚು ಹಾಕ್ಲಾ, ಪೆರೇಡ್ ಮಾಡ್ಲಾ?" ಅಂತ ಕೇಳಿದ್ದಕ್ಕೆ ಎಲ್ಲರೂ ನಕ್ಕೆವು.

ಹೌದು, ಹೋಗುತ್ತಿದ್ದಾರೆ. ಬುಧವಾರ ಬಂತೆಂದರೆ ಸ್ನಾನ ಮಾಡಿ, ಇಸ್ತ್ರಿ ಹಾಕಿದ ಶರ್ಟ್ ತೊಟ್ಟು, ಶೂಸಿಗೆ ಪಾಲಿಶ್. ಮೊದಲನೇ ಸಲ ನಾನೂ ಹೋದೆ. ಕಂಕನಾಡಿ ಮಾರ್ಕೆಟಿನ ಹಿಂದೆ ಒಂದು ಮಾಳಿಗೆ, ಮೆಟ್ಟಿಲು ಹತ್ತುವಾಗ ಇವರು ಕಂಬಿ ಹಿಡಿದು ಮೆಟ್ಟಿಲಿಗೊಮ್ಮೆ ನಿಂತರು. ಮೇಲೆ ಚಿಕ್ಕ ಕೋಣೆ, ಎರಡು ಕುರ್ಚಿ, ಒಂದು ಹೂಜಿ ನೀರು. ನಾನು ಒಳಗೆ ಕಾಲಿಡುವಷ್ಟರಲ್ಲಿ ರಾಹಿಲಾ ನನ್ನ ತೋಳು ಹಿಡಿದಳು.

"ಆಂಟಿ, ನೀವು ಹೊರಗೆ ಬೆಂಚಿನಲ್ಲಿ ಕೂತ್ಕೊಳ್ಳಿ."

"ನಾನು ಅವರ ಹೆಂಡತಿ ಅಲ್ವಾ ಮಗಾ? ಅವರು ಅರ್ಧ ಹೇಳ್ತಾರೆ, ಉಳಿದದ್ದು ನಾನು ಹೇಳ್ತೇನೆ."

"ಅದಕ್ಕೇ ಆಂಟಿ." ಅವಳು ನಕ್ಕಳು, ಆದರೆ ಕೈ ಬಿಡಲಿಲ್ಲ. "ಇಲ್ಲಿ ಮಾತಾಡಿದ್ದು ಈ ಕೋಣೆ ಬಿಟ್ಟು ಎಲ್ಲಿಗೂ ಹೋಗುದಿಲ್ಲ. ಅದೇ ಇಲ್ಲಿನ ಮದ್ದು. ಮುಂದೆ ಅಂಕಲ್ ಒಪ್ಪಿದರೆ ನಿಮ್ಮನ್ನೂ ಕರೀತೇನೆ."

ನೆಲದಲ್ಲಿ ತೆವಳುವಾಗ ನಾನು ಎತ್ತಿ ಆಡಿಸಿದ ಹುಡುಗಿ ನನ್ನ ಮುಖಕ್ಕೆ ಬಾಗಿಲು ಹಾಕಿದಳು ನೋಡು. ಸಿಟ್ಟು ಅಲ್ಲ, ಬರೆಯುತ್ತಿದ್ದೇನೆ ಅಷ್ಟೆ. ಬೆಂಚಿನಲ್ಲಿ ಕೂತು ಕಿವಿ ಕೊಟ್ಟೆ, ಫ್ಯಾನಿನ ಕರಕರ ಬಿಟ್ಟರೆ ಎಂತದೂ ಇಲ್ಲ. ಹೊರಗೆ ಬಂದಾಗ ಇವರ ಕಣ್ಣು ಕೆಂಪು. ಕೆಳಗೆ ಇಳಿದು ಹೋಟೆಲಿಗೆ ಕರೆದುಕೊಂಡು ಹೋಗಿ ನನಗೆ ಗೋಳಿಬಜೆ ಕೊಡಿಸಿದರು. ಮದುವೆ ಆದ ಹೊಸತಿನಲ್ಲಿ ರಜೆಗೆ ಬಂದಾಗ ಕೊಡಿಸಿದ್ದರು, ಆಮೇಲೆ ಈಗಲೇ. ನಾನು ಕೇಳಿದೆ, ಒಳಗೆ ಎಂತ ಮಾತಾಡಿದಿರಿ ಅಂತ.

"ಮಳೆ ಬಗ್ಗೆ."

"ಮಳೆ ಬಗ್ಗೆ ಮಾತಾಡಿದರೆ ಕಣ್ಣು ಕೆಂಪಾಗ್ತದಾ?"

"ಈ ಸಲ ಜೋರುಂಟಲ್ಲ ಮಳೆ" ಅಂತ ಹೇಳಿ ನನ್ನ ಪ್ಲೇಟಿನಿಂದ ಒಂದು ಗೋಳಿಬಜೆ ಎತ್ತಿಕೊಂಡರು.

ಈಗ ಒಬ್ಬರೇ ಹೋಗಿ ಬರುತ್ತಾರೆ. ವ್ಯತ್ಯಾಸ ಉಂಟು, ಇಲ್ಲ ಅಂತ ಹೇಳಿದರೆ ಪಾಪ. ರಾಹಿಲಾ ತೋರಿಸಿದ ಡಾಕ್ಟರು ಮಾತ್ರೆಯನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತಿದ್ದಾರೆ. ನೋವಿಗೆ ಬೇರೆ ವ್ಯಾಯಾಮ ಕಲಿಸಿದ್ದಾರೆ, ಚಾಪೆಯಲ್ಲಿ ಮಲಗಿ ಮೊಣಕಾಲು ಮಡಚುತ್ತಾರೆ, ಬೆಕ್ಕು ಬಂದು ಹೊಟ್ಟೆ ಮೇಲೆ ಕೂರುತ್ತದೆ. ರಮ್ ಬಿಟ್ಟಿಲ್ಲ, ಆದರೆ ದೀಪ ಹೊತ್ತಿಸಿ ತೇರ್ಸು ಆಗುವವರೆಗೆ ಗ್ಲಾಸು ಮುಟ್ಟುವುದಿಲ್ಲ. ಮೊನ್ನೆ ಕ್ಯಾರಲ್ ರೋಸಿನ ಬಾಟಲಿಯ ಮಾತು ಎತ್ತಿದಾಗ, "ಈ ಸಲ ನಮ್ಮ ಪಾಲು ನಾನು ತರುದಿಲ್ಲ ಅಕ್ಕ, ಎಳನೀರು ಕೊಡುವ" ಅಂದರು. ಅವಳ ಮುಖ ನೋಡಬೇಕಿತ್ತು ನೀನು.

ಇಷ್ಟೆಲ್ಲ ಒಳ್ಳೆಯದಾಗುತ್ತಿರುವಾಗ ನನಗೆ ನಿದ್ದೆ ಯಾಕೆ ಬರುವುದಿಲ್ಲ ಅಂತ ನೀನು ಕೇಳಬಹುದು. ಸುಹರಾ, ಅವರು ಅಲ್ಲಿ ಮಾತಾಡುತ್ತಾರೆ. ಮನೆಗೆ ಬಂದರೆ ಬೆಕ್ಕಿನ ಹತ್ತಿರ ಮಾತಾಡುತ್ತಾರೆ. ನನ್ನ ಹತ್ತಿರ, ಸಾರಿಗೆ ಉಪ್ಪು ಹೆಚ್ಚಾಯಿತು, ಗ್ಯಾಸ್ ಬುಕ್ ಮಾಡಿದೆಯಾ, ಅಷ್ಟೆ. ಅಲ್ಲಿ ಒಂದು ಗಂಟೆ ಎಂತ ಹೇಳುವುದು? ನನ್ನ ದೂರಾ? ನಾನು ಮಾತು ಹೆಚ್ಚು ಆಡುತ್ತೇನೆ ಅಂತಲಾ? ಅವರು ಗಡಿಯಲ್ಲಿ ಇದ್ದಾಗ ನಾನು ಬರೆಸಿ ಕಳಿಸಿದ ಕಾಗದ ತುಂಬ ಬರೀ ಭಯವೇ ಇರುತ್ತಿತ್ತು, ಅದನ್ನು ಹೇಳಿದರಾ? ಅಥವಾ ನನಗೆ ಗೊತ್ತಿಲ್ಲದ ಬೇರೆ ಏನಾದರೂ ಕಾಯಿಲೆ ಉಂಟಾ, ಸ್ಕ್ರೂ ಸಡಿಲ ಆಗಿದೆಯಾ, ಡಾಕ್ಟರು ಕೈಬಿಟ್ಟಿದ್ದಾರಾ? ಒಂದನ್ನು ತಳ್ಳಿದರೆ ಇನ್ನೊಂದು ಬರುತ್ತದೆ.

ಒಂದು ಉಪಕಾರ ಮಾಡು. ರಾಹಿಲಾ ನನಗೆ ಹೇಳುವುದಿಲ್ಲ, ಆದರೆ ತಾಯಿಯ ಹತ್ತಿರ ಮಗಳು ಎಷ್ಟು ಮುಚ್ಚಿಡುತ್ತಾಳೆ? ಎಲ್ಲ ಬೇಡ. ಒಂದೇ ಒಂದು ಮಾತು ಸಾಕು, ಅವರನ್ನು ತಿನ್ನುತ್ತಿರುವುದು ಎಂತದು ಅಂತ. ಗೊತ್ತಾದರೆ ನಾನು ಅದಕ್ಕೆ ತಕ್ಕ ಹಾಗೆ ನಡೆದುಕೊಳ್ಳುತ್ತೇನೆ. ನಿನ್ನ ಗಂಡನಿಗೆ ಹಾರ್ಟ್ ಆದಾಗ ನೀನು ಅತ್ತದ್ದು ನಾನು ಇವತ್ತಿಗೂ ಒಬ್ಬರಿಗೂ ಹೇಳಿಲ್ಲ. ನಾನು ಹೇಳುವವಳಲ್ಲ.

ನಿನ್ನ ಮನೆಯ ಎಲ್ಲರಿಗೂ ಒಳ್ಳೆಯದಾಗಲಿ.

ನಿನ್ನ
ಆನಿ

&nbsp;

ನಂತೂರು
೬-೯-೨೦೨೪

ಪ್ರೀತಿಯ ಸುಹರಾ,

ಈ ಕಾಗದವನ್ನು ಎಷ್ಟೋ ಸಲ ಶುರು ಮಾಡಿ ಹರಿದೆ. ನಿನಗೆ ಮುಖ ತೋರಿಸುವ ಧೈರ್ಯ ಇಲ್ಲದೆ ಬೆಂಗ್ರೆಗೂ ಬರಲಿಲ್ಲ. ನೀನು ನನ್ನ ಮೇಲೆ ಕೋಪದಲ್ಲಿದ್ದೀಯಾ ಅಂತ ದೇಯಿಯ ಹತ್ತಿರ ಕೇಳಿದೆ. "ಕೋಪ ಉಂಟಾ ಇಲ್ವಾ ನನಗೆಂತ ಗೊತ್ತು ಬಾಯಮ್ಮ, ಬಂಗುಡೆ ಮಾತ್ರ ತಕ್ಕೊಂಡ್ರು" ಅಂದಳು. ಎಲ್ಲರ ಬಾಯಿಂದ ಸುದ್ದಿ ಚೂರು ಚೂರಾಗಿ ಕೇಳಿರಬಹುದು. ನಡೆದದ್ದು ನಡೆದ ಹಾಗೆ ನಾನೇ ಬರೆಯುತ್ತೇನೆ.

ನೀನು ಕಳಿಸಿದ ಚೀಟಿ ಓದಿ ನಾನು ಅಡುಗೆಮನೆಯ ನೆಲದಲ್ಲಿ ಕೂತುಬಿಟ್ಟೆ. ಒಂದು ಬುಧವಾರ ರಾಹಿಲಾ ಊಟ ಮುಟ್ಟದೆ ಕೂತಿದ್ದಳು, ನೀನು ಬಿಡದೆ ಕೇಳಿದ ಮೇಲೆ ಅತ್ತುಕೊಂಡು ಹೇಳಿದಳು ಅಂತ ಬರೆದಿದ್ದೆ. ಗಾಡಿ ಉರುಳಿದ ದಿನ ಇವರ ಪಕ್ಕದ ಸೀಟಿನಲ್ಲಿ ಪುತ್ತೂರು ಕಡೆಯ ಒಬ್ಬ ಹುಡುಗ ಇದ್ದ, ಮೋಕ್ಷಿತ್ ಅಂತ. ಇಬ್ಬರೂ ಒಳಗೆ ಸಿಕ್ಕಿಬಿದ್ದರು. ಇವರಿಗೆ ಬೆನ್ನು ಮುರಿದು ತಲೆ ತಿರುಗಿಸಲಿಕ್ಕೆ ಆಗುತ್ತಿರಲಿಲ್ಲ. ಆ ಹುಡುಗ, ಅಣ್ಣ ಮಾತಾಡ್ತಾ ಇರಿ, ನಿಲ್ಲಿಸಬೇಡಿ ಅಂತ ತುಳುವಿನಲ್ಲಿ ಹೇಳಿದನಂತೆ. ಇವರು ಮಾತಾಡಿದರು. ಅವನು ಹೂಂ ಅನ್ನುವುದು ನಿಂತ ಮೇಲೂ ಮಾತಾಡುತ್ತಲೇ ಇದ್ದರು, ಜನ ಬಂದು ಹೊರಗೆ ಎಳೆಯುವವರೆಗೂ.

ಎಷ್ಟು ವರ್ಷದಿಂದ ಇವರು ದೇಯಿಯ ಹತ್ತಿರ ಕನ್ನಡದಲ್ಲೇ ಮೀನಿನ ರೇಟಿಗೆ ಚರ್ಚೆ ಮಾಡುತ್ತಾರೆ, ಅವಳು ತುಳುವಿನಲ್ಲಿ ಕೇಳಿದರೂ. ಮಿಲಿಟರಿಗೆ ಹೋಗಿ ದೊಡ್ಡ ಜನ ಆದರು ಅಂತ ನಾನು ತಮಾಷೆ ಮಾಡುತ್ತಿದ್ದೆ. ಮಾಡಬಾರದಿತ್ತು.

ನೀನು ಕೊನೆಗೆ, "ಯಾರಿಗೂ ಹೇಳಬೇಡ, ರಾಹಿಲಾಳ ಕೆಲಸಕ್ಕೆ ಕುತ್ತು ಬರ್ತದೆ" ಅಂತ ಬರೆದಿದ್ದೆ. ನಾನು ಯಾರಿಗೂ ಹೇಳಲಿಲ್ಲ ಸುಹರಾ. ಕ್ಯಾರಲಿಗೆ ಹೇಳಲಿಲ್ಲ, ದುಬಾಯಿಯಲ್ಲಿರುವ ಮಗ ಗೇವಿನಿಗೂ ಹೇಳಲಿಲ್ಲ. ದೇವರಿಗೆ ಹೇಳಿದೆ. ನಿಮ್ಮಲ್ಲಿ ತೀರಿಹೋದವರಿಗಾಗಿ ಯಾಸೀನ್ ಓದಿಸುವ ಹಾಗೆ ನಮ್ಮಲ್ಲಿ ಇಗರ್ಜಿಯಲ್ಲಿ ಪೂಜೆ ಕೊಡುವ ಕ್ರಮ ಉಂಟು. ನಾನು ವಿಗಾರರ ಹತ್ತಿರ ಹೋಗಿ, ಹಿಂದೂ ಹುಡುಗ ಫಾದರ್, ಆಗ್ತದಾ ಅಂತ ಕೇಳಿದೆ. "ಪ್ರಾರ್ಥನೆ ಯಾರಿಗೆ ಬೇಕಾದರೂ ಮಾಡಬಹುದು ಬಾಯಿ" ಅಂದರು. ಭಾನುವಾರದ ಪೂಜೆಗೆ ಹೆಸರು ಕೊಟ್ಟೆ. ಹೆಸರನ್ನು ಮೈಕಿನಲ್ಲಿ ಓದುತ್ತಾರೆ ಅಂತ ನನಗೆ ಗೊತ್ತಿತ್ತು. ಇವರು ಕೇಳಲಿ, ಕೇಳಿ ಸಮಾಧಾನ ಆಗಲಿ, ಆ ಹುಡುಗನ ಭಾರವನ್ನು ನಾನೂ ಸ್ವಲ್ಪ ಹೊತ್ತುಕೊಂಡೆ ಅಂತ ತಿಳಿಯಲಿ ಅಂತಲೇ ಕೊಟ್ಟದ್ದು. ಬೆಳಿಗ್ಗೆ ಒಳ್ಳೆಯ ಸೀರೆ ಉಟ್ಟುಕೊಂಡು ಹೋದೆ.

"ಮೋಕ್ಷಿತ್ ಇವರ ಆತ್ಮಶಾಂತಿಗಾಗಿ, ಕೋರಿದವರು ಕಜೆಟನ್ ಮತ್ತು ಕುಟುಂಬ."

ಓದುವ ಹುಡುಗಿ ನಮ್ಮ ಕೊಂಕಣಿಯಲ್ಲಿ ಎಷ್ಟು ಚಂದ ಓದಿದಳು. ನಾನು ಇವರ ಮುಖ ನೋಡಿದೆ. ಆ ಮುಖವನ್ನು ಹೇಗೆ ಬರೆಯುವುದು? ಮುಂದಿನ ಬೆಂಚಿನ ಹಲಗೆ ಹಿಡಿದು ಎದ್ದರು. ಎಲ್ಲರೂ ಮೊಣಕಾಲಿನಲ್ಲಿದ್ದಾರೆ, ಇವರೊಬ್ಬರೇ ನಿಂತವರು. ಒಂದೊಂದು ಬೆಂಚಿಗೆ ಕೈ ಊರಿಕೊಂಡು ನಡುದಾರಿಯಲ್ಲಿ ಹೊರಗೆ ಹೋದರು. ಶೂಸಿನ ಶಬ್ದ ಇಡೀ ಇಗರ್ಜಿಗೆ ಕೇಳುತ್ತಿತ್ತು. ನಾನು ಪೂಜೆ ಬಿಟ್ಟು ಓಡಲಾ, ಕೂರಲಾ ಅಂತ ಅಲ್ಲೇ ಒದ್ದಾಡಿದೆ. ಆಮೇಲೆ ಅಂಗಳದಲ್ಲಿ ಕ್ಯಾರಲ್, "ಯಾರದು ಮೋಕ್ಷಿತ್? ನಮ್ಮ ಸಂಬಂಧದಲ್ಲಿ ಆ ಹೆಸರು ಇಲ್ಲವಲ್ಲ? ಕಜೆಟನ್ ಅವನ ಹತ್ತಿರ ಎಂತಾದರೂ ತಕ್ಕೊಂಡಿದ್ದನಾ?" ಅಂತ ನಾಲ್ಕು ಜನರ ಎದುರು ಕೇಳಿದಳು.

ಮನೆಗೆ ಬಂದ ಮೇಲೆ ಇವರು ಕೇಳಿದ್ದು ಒಂದೇ ಪ್ರಶ್ನೆ, "ನಿನಗೆ ಯಾರು ಹೇಳಿದ್ದು?"

ನನಗೆ ರಾಹಿಲಾಳ ಮುಖ ನೆನಪಾಯಿತು. ಸುಳ್ಳು ಹೇಳಿದೆ. "ನೀವೇ. ನಿದ್ದೆಯಲ್ಲಿ ಆ ಹುಡುಗನ ಹತ್ತಿರ ಮಾತಾಡ್ತಿದ್ರಿ."

"ನಿದ್ದೆಯಲ್ಲಿ ನಾನು ಯಾವ ಭಾಷೆ ಮಾತಾಡಿದೆ?"

"ಕೊಂಕಣಿ" ಅಂದುಬಿಟ್ಟೆ. ಬೇರೆ ಹೊಳೆಯಲಿಲ್ಲ, ನಮ್ಮ ಮನೆಯ ಭಾಷೆ ಅದೇ ಅಲ್ಲವಾ.

"ಅವನ ಹತ್ತಿರ ನಾನು ಒಂದು ದಿನವೂ ಕೊಂಕಣಿ ಮಾತಾಡಿದವನಲ್ಲ ಆನಿ."

ಅಷ್ಟೇ. ಬೈಯಲಿಲ್ಲ. ಬಟ್ಟೆ ಬದಲಿಸಿ ಕುರ್ಚಿಯಲ್ಲಿ ಕೂತರು.

ಮುಂದಿನ ಬುಧವಾರ ಎಂದಿನ ಹಾಗೆ ಸ್ನಾನ, ಇಸ್ತ್ರಿ, ಪಾಲಿಶ್. ಕಂಕನಾಡಿಗೆ ಅಂತ ಹೊರಟರು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು, ಮಾತೆಗೆ ಮೇಣದಬತ್ತಿ ಹಚ್ಚಿದೆ. ಎರಡು ದಿನ ಕಳೆದು ದೇಯಿ ಬುಟ್ಟಿ ಇಳಿಸುತ್ತಾ, "ಬಾಯಮ್ಮ, ನಿಮ್ಮ ಯಜಮಾನರಿಗೆ ಬೆಂಗ್ರೆಯಲ್ಲಿ ಯಾರಾದರೂ ಉಂಟಾ? ಬುಧವಾರ ನಾನು ಫೆರಿ ಇಳಿಯುವಾಗ ಅಲ್ಲಿ ಕೂತಿದ್ರು. ನಾನು ಮಾರಾಟ ಮುಗಿಸಿ ತಿರುಗಿ ಹೋಗುವಾಗಲೂ ಅಲ್ಲೇ ಇದ್ರು. ಬನ್ನಿ ದಾಟುವ ಅಂದೆ, ಹತ್ತಲಿಲ್ಲ" ಅಂದಳು. ಈಗ ಪ್ರತಿ ಬುಧವಾರವೂ ಹಾಗೆಯೇ. ನಾನು ಗೊತ್ತಿಲ್ಲದ ಹಾಗೆ ಶರ್ಟಿ‌ಗೆ ಇಸ್ತ್ರಿ ಹಾಕಿ ಕೊಡುತ್ತೇನೆ. ನನಗೆ ಗೊತ್ತುಂಟು ಅಂತ ಅವರಿಗೆ ಗೊತ್ತುಂಟಾ, ಅದು ಗೊತ್ತಿಲ್ಲ.

ರಮ್ ಮೊದಲಿನ ಹಾಗೆ ಅಲ್ಲ, ಮೊದಲಿಗಿಂತ ಹೆಚ್ಚು. ಮಾತ್ರೆ ಎಲ್ಲಿಂದ ತರುತ್ತಾರೋ. ನಾನು ಇಟ್ಟಲ್ಲಿ ಇಲ್ಲ, ನಾನು ನೋಡಿದಲ್ಲಿ ಇಲ್ಲ. ಗೇವಿನ್ ಇದ್ದ ಕೋಣೆಯಲ್ಲಿ ಒಳಗಿನಿಂದ ಚಿಲಕ ಹಾಕಿ ಮಲಗುತ್ತಾರೆ. ಉಸಿರು ನೋಡುವುದು ಹೇಗೆ? ಬಾಗಿಲಿಗೆ ಕಿವಿ ಇಟ್ಟರೆ ಲಾರಿಗಳದ್ದೇ ಶಬ್ದ. ಬೆಳಿಗ್ಗೆ ಚಿಲಕ ತೆಗೆದ ಸದ್ದು ಬಂದ ಮೇಲೆಯೇ ನಾನು ಚಹಾಕ್ಕೆ ನೀರು ಇಡುವುದು. ಗೇವಿನಿಗೆ ಫೋನ್ ಮಾಡಿಸಿದೆ, ಅವನು, "ಮಾಮ್ಮಿ, ನೀವು ಟೆನ್ಶನ್ ಮಾಡಿ ಮಾಡಿ ಪಪ್ಪನಿಗೆ ಟೆನ್ಶನ್ ಕೊಡ್ತೀರಿ" ಅಂದ. ಅವನು ಹೇಳಿದ್ದರಲ್ಲಿ ತಪ್ಪು ಎಲ್ಲಿ ಉಂಟು?

ಮೊನ್ನೆ ರಾಹಿಲಾ ಬಂದದ್ದು ನಿನಗೆ ಗೊತ್ತಿರಬಹುದು. ನಾನು ಒಳಗೇ ಇದ್ದೆ, ಆದರೆ ಅವಳು ಬಾಗಿಲು ಮುಚ್ಚಲಿಲ್ಲ, ನನಗೆ ಕೇಳಲಿ ಅಂತಲೇ ಇರಬೇಕು.

"ಅಂಕಲ್, ಮನೆಯಲ್ಲಿ ಬಾಯಿ ಬಿಟ್ಟದ್ದು ನಾನು. ನನ್ನ ಮೇಲಿನವರಿಗೆ ನಾನೇ ಹೋಗಿ ಹೇಳಿದ್ದೇನೆ. ಅವರು ಎಂತ ಮಾಡಿದರೂ ಸರಿ. ನೀವು ನನ್ನ ಮೇಲಿನ ಸಿಟ್ಟಿಗೆ ಚಿಕಿತ್ಸೆ ಬಿಡಬೇಡಿ."

"ನಿನ್ನ ಮೇಲೆ ಸಿಟ್ಟಿಲ್ಲ ಮಗಳೇ" ಅಂದರು ಇವರು. "ನಿನಗೆ ತಾಯಿ ಉಂಟಲ್ಲ. ತಾಯಿ ಇದ್ದವರು ಹೇಳ್ತಾರೆ."

ಆ ಮಾತಿಗೆ ಅವಳು ಅತ್ತಳು ಸುಹರಾ. ನಾನು ಒಳಗೆ ಅತ್ತೆ. ಇವರು ಇಬ್ಬರಿಗೂ ನೀರು ತಂದುಕೊಟ್ಟರು, ಸೊಂಟ ಹಿಡಿದುಕೊಂಡು.

ಅವಳು ಹೊರಡುವ ಮೊದಲು ಇನ್ನೊಂದು ದಾರಿ ಹೇಳಿದಳು. ಪುಣೆಯಲ್ಲಿ ಒಬ್ಬರು ಇದ್ದಾರಂತೆ, ಅವರೂ ಮಿಲಿಟರಿಯಲ್ಲಿ ಇದ್ದವರು, ಫೋನಿನಲ್ಲೇ ಮಾತಾಡುತ್ತಾರೆ, ಹಿಂದಿಯಲ್ಲಿ. ಇವರು ಬಹಳ ಹೊತ್ತು ಬೆಕ್ಕಿನ ಬೆನ್ನು ಸವರಿದರು. ಆಮೇಲೆ, "ಅವರಿಗೆ ಮಂಗಳೂರು ಗೊತ್ತುಂಟಾ?" ಅಂತ ಕೇಳಿದರು. ಗೊತ್ತಿಲ್ಲ ಅಂದಳು ರಾಹಿಲಾ. "ಆಲೋಚನೆ ಮಾಡ್ತೇನೆ" ಅಂದರು. ಇಲ್ಲ ಅನ್ನಲಿಲ್ಲ. ಆ ಒಂದು ಮಾತನ್ನು ಹಿಡಿದುಕೊಂಡು ಕೂತಿದ್ದೇನೆ.

ನಾಡಿದ್ದು ನಮ್ಮ ಮೊಂತಿ ಹಬ್ಬ. ಮಕ್ಕಳು ಮಾತೆಗೆ ಹೂ ಹಾಕುವ ದಿನ, ಮನೆಯಲ್ಲಿ ಹೊಸ ತೆನೆಯ ಊಟ. ನೀನು ಪ್ರತಿ ವರ್ಷ ಬರುತ್ತಿದ್ದೆ. ಈ ಸಲ ಬಾ ಅಂತ ಕರೆಯುವ ಮುಖ ನನಗಿಲ್ಲ. ಬಂದರೆ ಎಲೆ ಹಾಕುತ್ತೇನೆ. ರಾಹಿಲಾಳ ಕೆಲಸಕ್ಕೆ ತೊಂದರೆ ಆಗದಿರಲಿ ಅಂತ ಕೇಳಿಕೊಳ್ಳುತ್ತಿದ್ದೇನೆ, ಬಾಯಿ ಮುಚ್ಚಿಕೊಂಡು, ಮನಸ್ಸಿನಲ್ಲಿ. ನಿನ್ನ ಕಾಲು ಗಟ್ಟಿ ಇರಲಿ, ಮಕ್ಕಳು ಮೊಮ್ಮಕ್ಕಳು ನಿನ್ನ ಸುತ್ತ ಇರಲಿ.

ನಿನ್ನ
ಆನಿ

ತಾ.ಕ.: ಇಗರ್ಜಿಯಿಂದ ಬಂದ ದಿನ ಅವರು ಅಷ್ಟೇ ಹೇಳಿದ್ದು ಅಂತ ಮೇಲೆ ಬರೆದಿದ್ದೇನೆ. ಅಷ್ಟೇ ಅಲ್ಲ. ಸಂಜೆ ನಾನು ಊಟಕ್ಕೆ ಕರೆಯಲು ಹೋದಾಗ ತಲೆ ಎತ್ತದೆ ಹೇಳಿದರು, "ಇಷ್ಟು ವರ್ಷದಲ್ಲಿ ನಾನು ಅವನ ಹೆಸರು ಹೇಳಿದ್ದು ಒಂದೇ ಕೋಣೆಯಲ್ಲಿ ಆನಿ. ಅಲ್ಲಿಗೂ ಬಂದೆಯಲ್ಲ ನೀನು." ಕೆಟ್ಟ ದನಿಯಲ್ಲಿ ಹೇಳಿದ್ದರೆ ನಾನು ತಿರುಗಿ ಏನಾದರೂ ಅನ್ನುತ್ತಿದ್ದೆ. ದಾರಿ ಕೇಳುವವರ ಹಾಗೆ ಹೇಳಿದರು. ಅವರ ಒಳಗೆ ನನಗೆ ಜಾಗ ಇಲ್ಲ ಅಂತ ಅಲ್ಲ, ನಾನು ಬಾರದ ಒಂದು ಜಾಗ ಅವರಿಗೆ ಬೇಕು. ಅದನ್ನು ಕೊಡುವುದು ಹೇಗೆ ಅಂತ ನನಗೆ ಯಾರೂ ಕಲಿಸಿಲ್ಲ.

ಅದಕ್ಕೆ ಇದೊಂದು ಕೇಳುತ್ತೇನೆ, ಕೇಳುವುದೇ ತಪ್ಪು ಅಂತ ಗೊತ್ತಿದ್ದೂ. ಪುಣೆಯ ಆ ಮನುಷ್ಯನ ಹೆಸರು ನನಗೆ ಬೇಡ, ರಾಹಿಲಾ ಹೇಳಿದರೂ ನೀನು ನನಗೆ ಬರೆಯಬೇಡ. ಆದರೆ ನಮ್ಮ ಕಡೆಯವರು ಇಲ್ಲದ ಊರು ಯಾವುದುಂಟು? ಅಲ್ಲಿಯ ನರ್ಸು ನಮ್ಮವಳಿರಬಹುದು, ಆ ಮನುಷ್ಯನ ಹೆಂಡತಿಯ ತವರುಮನೆ ಇಲ್ಲೇ ಎಲ್ಲಾದರೂ ಇರಬಹುದು. ಅವರಿಗೆ ಮಂಗಳೂರಿನಲ್ಲಿ ಒಬ್ಬರೂ ಪರಿಚಯ ಇಲ್ಲ ಅಲ್ಲವಾ, ನಾನು ಹೋಗಿ ಕೇಳಬಹುದಾದಂಥವರು ಒಬ್ಬರೂ? ಇನ್ನೊಮ್ಮೆ ವಿಚಾರಿಸಿ ನೋಡು.